ಸೋಸಿದ ರಕ್ತ

೬ ಆಗಸ್ಟ್ ೧೯೬೨, ಇಚಲಕರಂಜಿ

ಬೆಳಿಗ್ಗೆಯಿಂದ ಕನ್ನಡಿ ಹಿಡಿದು ಕೈ ಸೋತಿತು. ಇವರ ಮೈಕ್ರೋಸ್ಕೋಪಿನ ತಳದ ಕನ್ನಡಿ ಒಡೆದು ವರ್ಷವಾಯಿತು. ಅಂದಿನಿಂದ ನನ್ನ ಕುಂಕುಮದ ಪೆಟ್ಟಿಗೆಯ ಕನ್ನಡಿಯಿಂದ ಬಿಸಿಲು ಬೀಳಿಸುವುದು ನನ್ನ ಪಾಲಿನ ಸೇವೆ. ಮೋಡ ಬಂದರೆ ನಿಸರ್ಗೋಪಚಾರ ಬಂದ್.

ಬೆರಳಿಗೆ ಸೂಜಿ, ಗಾಜಿನ ಕಾಚಿನ ಮೇಲೆ ರಕ್ತದ ಹನಿ, ಆಮೇಲೆ ಪ್ರವಚನ. "ನೋಡ್ರಿ, ಕೆಂಪು ಕಣಾ ರೊಟ್ಟಿ ಪೇರಿಸಿದಂಗ ಒಂದರ ಮ್ಯಾಲೊಂದು ಹತ್ತ್ಯಾವ. ಚಹಾ, ಬಟಾಟಿ, ಎಣ್ಣಿ... ಎಲ್ಲಾ ರಕ್ತದಾಗ ಐತಿ." ಯಾರ ಹನಿಯಾದರೂ ಔಷಧ ಒಂದೇ — ಉಪವಾಸ, ಕುಂಬಳಕಾಯಿ ರಸ. ಮಗ್ಗದ ಮಾಲೀಕರ ಹೊಟ್ಟೆ ಕರಗಿದೆ, ಇವರ ಹೆಸರು ಬೆಳೆದಿದೆ. ನನ್ನ ರಕ್ತವನ್ನೂ ಒಮ್ಮೆ ನೋಡಿದ್ದರು. "ಗಟಾರ" ಎಂದರು. ಎದ್ದು ಹೋಗಿ ಚಹಾ ಮಾಡಿಕೊಂಡು ಕುಡಿದೆ.

ಸಂಜೆ ನಾದಿನಿ ರಾಜಮತಿ ಗಡಹಿಂಗ್ಲಜದಿಂದ ಬಂದಳು. ಹೆರಿಗೆಯಾದ ಮೇಲೆ ಚೇತರಿಸಿಕೊಂಡೇ ಇಲ್ಲ. ತುಟಿ ಸುಣ್ಣ ಬಳಿದಂತಿದೆ. ಕೂಸನ್ನು ಎತ್ತಿಕೊಂಡರೆ ಏದುಸಿರು.

೧೧ ಆಗಸ್ಟ್

ಹಟ ಮಾಡಿ ರಾಜಮತಿಯನ್ನು ಕೊಲ್ಲಾಪುರಕ್ಕೆ ಕರೆದೊಯ್ದೆ. ಅತ್ತೆ ಬೆನ್ನಿಗೆ ಬಂದರು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು. ರಕ್ತ ಭಾಳ ಕಡಿಮೆ, ಲಿವರ್ ಸತ್ವದ ಇಂಜೆಕ್ಷನ್ ಬೇಕು ಎಂದರು.

"ಯಾವ ಪ್ರಾಣೀದ್ರಿ?" — ಅತ್ತೆ.

ಡಾಕ್ಟರು ಸುಳ್ಳು ಹೇಳಲಿಲ್ಲ. ಅತ್ತೆ ಮಗಳ ಕೈ ಹಿಡಿದು ಎದ್ದೇಬಿಟ್ಟರು. ಡಾಕ್ಟರು ನನ್ನನ್ನು ಮಾತ್ರ ಹಿಂದಕ್ಕೆ ಕರೆದು ಕಬ್ಬಿಣದ ಗುಳಿಗೆ ಕೊಟ್ಟರು. "ಇದರಾಗ ಜೀವ-ಗೀವ ಏನೂ ಇಲ್ರಿ ಬಾಯಿ. ಹೊಟ್ಟಿ ತುಂಬ ಉಣಸ್ರಿ. ಇಲ್ಲಾಂದ್ರ ಕೈ ಬಿಟ್ಟು ಹೋಗ್ತಾಳ."

ಮನೆಯಲ್ಲಿ ಇವರು ಗುಳಿಗೆಯನ್ನು ಮೋರಿಗೆ ಸುರಿದರು. "ಕಬ್ಬಿಣಾ ತಿನ್ನಾಕ ಇಕಿ ಏನ್ ಮಗ್ಗೇನ?"

೧೨ ಆಗಸ್ಟ್

ರಾಜಮತಿಯ ಹನಿ. ಕನ್ನಡಿ ನಾನೇ ಹಿಡಿದೆ. ಅತ್ತೆಗೂ ನೋಡುವ ಆಸೆ. ಕಣ್ಣಿಟ್ಟವರು ಹಾಗೇ ಉಳಿದರು.

"ತಮ್ಮಾ... ಇದರಾಗ ಒಂದು ಹರದಾಡಾಕತ್ತೇತಲ್ಲೊ!"

ಬಿಳಿಯ ಕಣ ಅದು, ಎಲ್ಲರ ರಕ್ತದಲ್ಲೂ ಇರುತ್ತದೆ, ಸರಿಯುತ್ತದೆ ಎಂದು ಇವರು ಹೇಳಿದರು. ಅತ್ತೆ ಕೇಳಿಸಿಕೊಂಡರೆ ತಾನೇ? ನೀರನ್ನು ಎರಡು ಮಡಿಕೆ ಅರಿವೆಯಲ್ಲಿ ಸೋಸಿ, ಅರಿವೆಯನ್ನು ಮತ್ತೆ ಬಾವಿಯ ನೀರಿಗೇ ತೊಳೆದು ಹುಳದ ಜೀವ ಉಳಿಸಿದ ಹೆಂಗಸು. ಗಳಗಳ ಅತ್ತರು.

"ಹನಿ ಒಣಗಿದ್ರ ಸಾಯ್ತೈತಲ್ಲೊ ಅದು! ಗುಳಿಗಿ ಕೊಟ್ರ ಒಳಗಿನವೂ ಸಾಯ್ತಾವ. ನನ್ನ ಮಗಳಿಗೆ ಆ ಪಾಪ ಬ್ಯಾಡ."

ಮಗ ತಿದ್ದಲಿಲ್ಲ. ಗುಳಿಗೆ ಬೇಡ ಎನ್ನುವವರು ಇನ್ನೊಬ್ಬರು ಸಿಕ್ಕರಲ್ಲ, ಸಾಕು ಅವರಿಗೆ.

೪ ಸೆಪ್ಟೆಂಬರ್

ನಮ್ಮ ಜೈನರ ದಶಲಕ್ಷಣ ಪರ್ವ ಶುರು. ರಾಜಮತಿಗೆ ಹತ್ತೂ ದಿನ ರಸ ಮಾತ್ರ. ಕೂಸು ಬಸದಿಯ ಪಕ್ಕದ ಮನೆಯವಳ ಹಾಲು ಕುಡಿಯುತ್ತಿದೆ.

ಇವತ್ತು ಮತ್ತೆ ಹನಿ ನೋಡಿದರು. ಇವರ ಮುಖ ಅರಳಿತು. "ನೋಡು ಮಾಣಿಕಾ! ಒಂದಕ್ಕೊಂದು ಹತ್ತೇ ಇಲ್ಲ. ಎಷ್ಟ್ ಸ್ವಚ್ಛ ಆಗೇತಿ!"

ನಾನೂ ನೋಡಿದೆ. ಸಂತೆ ಎದ್ದು ಹೋದ ಬಯಲು. ಅಂಟಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ಕಣ ಇರಬೇಕಲ್ಲ?

"ಇದು ಸ್ವಚ್ಛ ಅಲ್ರಿ, ಖಾಲಿ" ಎಂದೆ.

"ನೀ ಕನ್ನಡಿ ಹಿಡಿ."

೯ ಸೆಪ್ಟೆಂಬರ್

ಯಾರಿಗೂ ಹೇಳದೆ ಗಡಹಿಂಗ್ಲಜದ ಬಸ್ಸು ಹತ್ತಿದೆ. ರಾಜಮತಿಯ ಗಂಡ ಬಾಳಗೊಂಡ ಮೆಣಸಿನಕಾಯಿ ಚೀಲಗಳ ನಡುವೆ ಕೂತಿದ್ದ. ಎಲ್ಲ ಹೇಳಿದೆ. ಸಿಟ್ಟಿನಿಂದಲೇ ಹೊರಟು ಬಂದ. ಇವರು ವಾದಿಸಲಿಲ್ಲ — ಹಳೆಯ ಕಾಚು, ಹೊಸ ಕಾಚು ಎರಡನ್ನೂ ತೋರಿಸಿದರು. ಬಾಳಗೊಂಡನ ಸಿಟ್ಟು ಅಲ್ಲೇ ಇಳಿಯಿತು.

"ವೈನಿ, ಕಣ್ಣಾರೆ ನೋಡೇನ್ರಿ. ಫರಕ್ ಐತಿ."

ಆ ಬಿಸಿಲು ಬೀಳಿಸಿದವಳೂ ನಾನೇ. ಥೂ.

೧೫ ಸೆಪ್ಟೆಂಬರ್, ಕೊಲ್ಲಾಪುರ, ಆಸ್ಪತ್ರೆಯ ವರಾಂಡ

ಪರ್ವ ಮುಗಿದ ಮರುದಿನ ರಾಜಮತಿ ಬಚ್ಚಲಲ್ಲಿ ಬಿದ್ದಳು. ನಾಡಿ ಸಿಗಲಿಲ್ಲ. ಟ್ಯಾಕ್ಸಿಯಲ್ಲಿ ಹಾಕಿಕೊಂಡು ಬಂದೆವು. ಡಾಕ್ಟರು ಬೈಯಲೂ ಇಲ್ಲ, ತೋಳು ಚಾಚಿ ಎಂದರು. ಅವಳ ಅಣ್ಣನ ರಕ್ತ ಹೊಂದಲಿಲ್ಲ. ಗಂಡನದೂ ಇಲ್ಲ. ಹೊಂದಿದ್ದು ನನ್ನದು.

ಗಟಾರದ ನೀರು ಸೀಸೆ ತುಂಬಿತು.

ಬೆಳಗಾಗುವ ಹೊತ್ತಿಗೆ ಅವಳ ತುಟಿಯಲ್ಲಿ ಬಣ್ಣ. ನಾನು ನೋಡಿದೆ, ಬರೀ ಕಣ್ಣಿನಿಂದ. ಮದುವೆಯಾಗಿ ಬಂದ ಮೇಲೆ ಇಷ್ಟು ಸಂತೋಷಪಟ್ಟ ನೆನಪಿಲ್ಲ. ಅಳು ನಿಲ್ಲಲಿಲ್ಲ.

೩ ಅಕ್ಟೋಬರ್, ಇಚಲಕರಂಜಿ

ರಾಜಮತಿ ಮನೆಗೆ ಬಂದಿದ್ದಾಳೆ. ಇವರದು ಹೊಸ ಪ್ರವಚನ. "ಉಪವಾಸದಿಂದ ನಾಳ ಎಲ್ಲಾ ಸ್ವಚ್ಛ ಇದ್ದೂ. ಅದಕ್ಕ ಬಾಟ್ಲಿ ರಕ್ತ ಮೈಗೆ ಹತ್ತಿತು." ಜನ ತಲೆದೂಗುತ್ತಾರೆ. ಗಿರಾಕಿ ದುಪ್ಪಟ್ಟು.

ಮಧ್ಯಾಹ್ನ ಅವಳ ಹನಿ ತೆಗೆದರು. ಕನ್ನಡಿ ಕೊಡಲಿಲ್ಲ, ಪೆಟ್ಟಿಗೆ ಮುಚ್ಚಿ ಬೀಗ ಹಾಕಿದೆ. ಅತ್ತೆ ತಮ್ಮದನ್ನು ತಂದು ಕೊಟ್ಟರು. ವಿಧವೆ ಕುಂಕುಮದ ಪೆಟ್ಟಿಗೆಯನ್ನು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದರೋ.

"ಮತ್ತ ಪೇರಿಸಿಕೊಂಡಾವ" ಎಂದರು ಇವರು. ನನ್ನ ಕಡೆ ನೋಡಿದರು. ರಾಜಮತಿಗೆ ಅಷ್ಟೇ ಸಾಕಾಯಿತು.

೬ ಅಕ್ಟೋಬರ್, ಸಂಜೆ ಐದೂವರೆ

ಮೂರು ದಿನದಿಂದ ತಟ್ಟೆ ಹಾಗೇ ವಾಪಸು. ಯಾರೂ ಹೇಳಿಲ್ಲ ಅವಳಿಗೆ, ತಾನೇ ಬಿಟ್ಟಿದ್ದಾಳೆ. ಇವತ್ತು ಗದರಿಸಿ ಕೇಳಿದೆ. ನನ್ನ ಕೈ ಹಿಡಿದುಕೊಂಡಳು. ಎಷ್ಟು ಪ್ರೀತಿಯಿಂದ!

"ಸಿಟ್ಟ ಆಗಬ್ಯಾಡ್ರಿ ವೈನಿ. ಜೀವಾ ಉಳಿಸೀರಿ, ನಿಮ್ಮ ಉಪಕಾರ ಮರಿಯಂಗಿಲ್ಲ. ಖರೆ ಒಳಗ ನಿಮ್ಮ ರಕ್ತ ಐತಲ್ರಿ... ಅಷ್ಟು ಸೋಸಿ ಹೋಗ್ಲಿ. ಆಮ್ಯಾಲ ಉಣ್ತೇನಿ."

ಅತ್ತೆ ಒಳಗೆ ಕುಂಬಳಕಾಯಿ ತುರಿಯುತ್ತಿದ್ದಾರೆ. ಒಂದು ಹನಿಯಲ್ಲಿ ಹರಿದಾಡಿದ ಕಣಕ್ಕೆ ಅತ್ತವರು.

ಅನ್ನ, ತೊವ್ವೆ ಕಲಸಿಟ್ಟಿದ್ದೇನೆ. ಹೊತ್ತು ಮುಳುಗಿದರೆ ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬಿಸಿಲು ಆಗಲೇ ಮಾಡಿನ ಅಂಚಿಗೇರಿದೆ. ಅವಳು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾಳೆ. ಇನ್ನೊಮ್ಮೆ ಬಾಗಿಲು ಬಡಿದು ನೋಡುತ್ತೇನೆ.