ಒಂಬತ್ತು ದಿನ ಅತ್ತ ಮಗು

ಅಬು ತಿಂಗಳು, ೧೧

ಬೆಳಿಗ್ಗೆಯಿಂದ ಮೂರು ಮಣ್ಣಿನ ಹಲಗೆ ಬರೆದೆ. ಎರಡು ಹೊಲದ ಗೇಣಿ, ಒಂದು ಅಣ್ಣತಮ್ಮಂದಿರ ಪಾಲು. ಮೂರನೆಯದಕ್ಕೆ ಸಾಕ್ಷಿಗಳ ಹೆಸರು ಒತ್ತುತ್ತಿದ್ದೆ, ದಮ್ಮಿ ಬಂದು ಹಸಿ ಮಣ್ಣಿನ ಅಂಚಿಗೆ ಹೆಬ್ಬೆಟ್ಟು ಊರಿಬಿಟ್ಟಳು. ತಾನೂ ಸಾಕ್ಷಿಯಂತೆ. ಬೈದೆ. ಮಣ್ಣು ಮತ್ತೆ ಕಲಸಿ, ಮತ್ತೆ ತಟ್ಟಿ, ಮತ್ತೆ ಬರೆದೆ. ಅವಳು ಮೂಲೆಯಲ್ಲಿ ಕೂತು ಒಂದು ಆಮೆ ಮಾಡಿದಳು. ಆಮೆಗೆ ಐದು ಕಾಲು.

ಪಕ್ಕದ ಮನೆಯ ಬೇಲೆಸ್ಸುನು ಮಾಳಿಗೆಯಿಂದ ಇಣುಕಿದಳು. ಎಪ್ಪತ್ತು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಹದಿನಾರು.

"ಏನೇ ಹುಜಾಲತುಂ, ಮೊಮ್ಮಗಳ ಕಾಟಾನಾ?"

"ಮೊಮ್ಮಗಳಲ್ಲ, ಮಗಳು."

"ಆಯ್ತು ಮಾರಾಯ್ತಿ, ಮಗಳು. ನಲವತ್ತೈದಕ್ಕೆ ಹಡೆದೆ ನೀನು. ಶಮಾಶ್ ದೇವ್ರಿಗೆ ಗೊತ್ತೋ ಇಲ್ವೋ."

ನಗು ಬಂತು. ಈ ವಠಾರದಲ್ಲಿ ಇರುವವರೆಲ್ಲ ಆ ಸೂರ್ಯದೇವರಿಗೆ ಮುಡಿಪಾದ ಸೊಸೆಯರೇ. ಗಂಡನೂ ಇಲ್ಲ, ಹಡೆಯುವ ಹಾಗೂ ಇಲ್ಲ. ಮುಪ್ಪಿಗೆ ಒಂದು ಜೀವ ಬೇಕೆಂದರೆ ಎಲ್ಲಿಂದಲೋ ತಂದುಕೊಳ್ಳಬೇಕು. ತಂದುಕೊಂಡೆ.

ಉಳಿದ ಮಣ್ಣಿನಲ್ಲಿ ಈ ಬರಹ. ಯಾರಿಗೂ ಅಲ್ಲ.

ಅಬು, ೧೨

ಸೆಕೆ. ನದಿಯ ಕಡೆಯಿಂದಲೂ ಗಾಳಿ ಇಲ್ಲ. ದಮ್ಮಿ ತನ್ನ ಹೆಸರು ತಪ್ಪಿಲ್ಲದೆ ಬರೆದಳು — ದಮಿಕ್ತುಂ, ಪೂರ್ತಿ. ಇನ್ನೂ ಆರು ವರ್ಷ ತುಂಬಿಲ್ಲ. ಹೊಗಳಲಿಲ್ಲ, ತಲೆಗೇರುತ್ತದೆ. ಅವಳು ಮಲಗಿದ ಮೇಲೆ ಆ ಹಲಗೆಯನ್ನು ತೆಗೆದು ಬುಟ್ಟಿಯಲ್ಲಿಟ್ಟೆ.

ಅಬು, ೧೪

ವಠಾರದ ಬಾಗಿಲು ಕಾಯುವವನು ಬಂದು ಯಾರೋ ನೇಯ್ಗೆಯವರು ಕರೆಯುತ್ತಿದ್ದಾರೆ ಅಂದ. ಯಾವುದೋ ಕರಾರಿಗೆ ಅಂದುಕೊಂಡು ಬರೆಯುವ ಜೊಂಡಿನ ಕಡ್ಡಿ ಹಿಡಿದೇ ಹೋದೆ.

ತಾರಿಬತುಂ. ದಮ್ಮಿಯನ್ನು ಹೆತ್ತವಳು. ಮೂರು ವರ್ಷದ ಹಿಂದೆ ಇದೇ ಬಾಗಿಲಲ್ಲಿ ಮಗುವನ್ನು ನನ್ನ ಕೈಗೆ ಕೊಟ್ಟು ಹೋದವಳು. ಅರಸರ ದಂಡಿಗೆ ಹೋದ ಗಂಡ ಸತ್ತ ಅಂತ ಸುದ್ದಿ ಬಂದಿತ್ತು, ಮನೆಯಲ್ಲಿ ಹಿಡಿ ಜವೆ ಇರಲಿಲ್ಲ. ಇವತ್ತು ಅವಳ ಪಕ್ಕದಲ್ಲಿ ಒಬ್ಬ ಗಂಡಸು. ಒಂದು ಕಾಲು ಎಳೆದು ನಡೆಯುತ್ತಾನೆ.

"ಅಮ್ಮಾವ್ರೇ, ಇವ್ರು ಬಂದ್ರು," ಅಂದಳು. "ಸತ್ತಿರ್ಲಿಲ್ಲ. ಸೆರೇಲಿದ್ರಂತೆ."

"ಒಳ್ಳೇದಾಯ್ತು ಕಣಮ್ಮ."

"ಮಗೂನ ಕರ್ಕೊಂಡೋಗಕ್ ಬಂದ್ವಿ."

"ಯಾವ ಮಗು?" ಅಂದೆ. ನಾಚಿಕೆಯಾಗುತ್ತದೆ ಈಗ. ಆದರೆ ಹಾಗೇ ಅಂದೆ.

ಗಂಡ ಮುಂದೆ ಬಂದ. ಸಿನ್-ರೇಮೆನಿ ಅಂತ ಹೆಸರು. "ನನ್ ಮಗು. ನಾನು ಉಸಿರಾಡ್ತಿರೋವಾಗ್ಲೇ ಯಾರೋ ಕೊಟ್ರು, ಯಾರೋ ತಗೊಂಡ್ರು. ಇದ್ಯಾವ ನ್ಯಾಯ?"

"ಕೊಟ್ಟೋಳು ನಿನ್ ಹೆಂಡ್ತಿ. ಹಲಗೆ ಇದೆ, ಸಾಕ್ಷಿ ಇದೆ."

"ಓದಕ್ ಬರಲ್ಲ ನಂಗೆ. ಕರೀರಿ ಅವಳ್ನ, ಒಂದ್ಸಲ ನೋಡ್ತೀನಿ."

ಕರೆಯಬೇಕಾಗಿರಲಿಲ್ಲ. ಹಿಂದೆಯೇ ಬಂದು ನನ್ನ ಸೆರಗು ಹಿಡಿದು ನಿಂತಿದ್ದಳು. ತಾರಿಬತುಂ ಕಡೆ ನೋಡಿ, "ಯಾರಮ್ಮ ಇವ್ರು?" ಅಂತ ನನ್ನನ್ನು ಕೇಳಿದಳು. ತಾರಿಬತುಂ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಖುಷಿಯಾಯಿತು ನನಗೆ. ಬರೆದುಬಿಡುತ್ತೇನೆ — ಖುಷಿಯಾಯಿತು.

ಅಬು, ೧೫

ದಮ್ಮಿಯನ್ನು ತಂದುಕೊಂಡಾಗಿನ ಹಲಗೆ ತೆಗೆದು ನೋಡಿದೆ. ನನ್ನದೇ ಅಕ್ಷರ. ಮೂವರು ಸಾಕ್ಷಿಗಳಲ್ಲಿ ಇಬ್ಬರು ಮಣ್ಣಾದರು. ಮೂರನೆಯವನು ಬಾಗಿಲವನು, ನಿನ್ನೆ ಉಂಡದ್ದು ಅವನಿಗೆ ಇವತ್ತು ನೆನಪಿಲ್ಲ.

ಬೇಲೆಸ್ಸುನು ಮನೆಗೆ ಹೋದೆ. ಖರ್ಜೂರ ಕೊಟ್ಟಳು, ನುಂಗಲಾಗಲಿಲ್ಲ.

"ಹಲಗೆ ಗಟ್ಟಿಯಿದೆ, ಹೆದರ್ಬೇಡ," ಅಂದಳು. "ಒಂದೇ ಒಂದು ತೊಡಕು. ಗುಡಿಯಲ್ಲಿ ಅರಸರು ನಿಲ್ಸಿರೋ ಕಲ್ಲಲ್ಲಿ ಬರ್ದಿದೆ. ಸಾಕೋಕೆ ತಂದ್ಕೊಂಡ ಮಗು, ತಂದಾಗ ಅಪ್ಪ ಅವ್ವನ್ನ ಹುಡ್ಕಿ ಅತ್ರೆ, ವಾಪಸ್ ಕೊಡ್ಬೇಕು. ಅತ್ತಿದ್ಲಾ?"

ಆ ವರ್ಷ ಬೇಲೆಸ್ಸುನು ತಮ್ಮನ ಮನೆಗೆಂದು ಬಾಬಿಲ್ ಪಟ್ಟಣಕ್ಕೆ ಹೋಗಿದ್ದಳು. ಅವಳಿಗೆ ಗೊತ್ತಿಲ್ಲ.

"ಇಲ್ಲ," ಅಂದೆ.

"ಮತ್ತಿನ್ನೇನು? ತಿನ್ನು."

ಅತ್ತಿದ್ದಳು. ಒಂಬತ್ತು ದಿನ. ಗಂಜಿ ಮುಟ್ಟಲಿಲ್ಲ. ನೀರು ಕುಡಿಯುತ್ತಿದ್ದಳು, ಒಂದೊಂದು ಖರ್ಜೂರ ಚೀಪಿ ಉಗಿಯುತ್ತಿದ್ದಳು. ಬಾಗಿಲ ಹತ್ತಿರ ಮಲಗಿ 'ಅವ್ವಾ' ಅಂತ. ಎತ್ತಿಕೊಂಡರೆ ಕಚ್ಚುತ್ತಿದ್ದಳು. ಹತ್ತನೇ ದಿನ ಬೆಳಿಗ್ಗೆ ತಾನಾಗಿ ಬಂದು ಬಟ್ಟಲ ಮುಂದೆ ಕೂತಳು, ಪೂರ್ತಿ ತಿಂದಳು. ಅವತ್ತಿನಿಂದ ಅವ್ವನ ಹೆಸರು ಒಮ್ಮೆಯೂ ಎತ್ತಲಿಲ್ಲ. ನನ್ನನ್ನು ಅಮ್ಮ ಅಂದಳು.

ಇದನ್ನು ಇಷ್ಟು ದಿನ ಎಲ್ಲೂ ಬರೆದಿರಲಿಲ್ಲ. ಓದಿದ ತಕ್ಷಣ ಈ ಮಣ್ಣನ್ನು ನೀರಿಗೆ ಹಾಕಬೇಕು.

ಅಬು, ೨೦

ಶಮಾಶನ ಹೆಬ್ಬಾಗಿಲಲ್ಲಿ ನ್ಯಾಯ. ಮೂವರು ನ್ಯಾಯಾಧೀಶರು. ಹಿರಿಯವನು ಹಲಗೆಯನ್ನು ಕಣ್ಣಿಗೆ ತಾಗಿಸಿ ಓದಿದ, ಗಟ್ಟಿಯಾಗಿದೆ ಅಂದ. ಸಿನ್-ರೇಮೆನಿ ಕಲ್ಲಿನ ಮಾತು ಎತ್ತಿದ. ಯಾರೋ ಹೇಳಿಕೊಟ್ಟಿದ್ದಾರೆ. ಮಗು ಅತ್ತಿತ್ತು ಅಂದ.

"ನೀನು ಇದ್ಯಾ ಅಲ್ಲಿ?"

"ನಾನ್ ಸೆರೇಲಿದ್ದೆ ಸ್ವಾಮಿ. ಇವ್ಳಿದ್ಲು."

"ಹಂಗಾದ್ರೆ ಆಣೆ ಇವಳದ್ದು. ಮಗು ಬೇಕು ಅನ್ನೋರೇ ಆಣೆ ಮಾಡ್ಬೇಕು. ಇಪ್ಪತ್ತೈದಕ್ಕೆ ಗುಡಿಯಿಂದ ದೇವ್ರ ಗರಗಸ ತರಿಸ್ತೀವಿ. ಅದರ ಮುಂದೆ ನಿಂತು, ಮಗು ಅತ್ತಿತ್ತು ಅಂತ ಹೇಳು, ಕರ್ಕೊಂಡ್ ಹೋಗು."

ನನ್ನನ್ನು ಏನೂ ಕೇಳಲಿಲ್ಲ. ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದೆ? ಗೊತ್ತಿಲ್ಲ.

ಮುಗಿಯಿತು ಅಂತ ಮನೆಗೆ ಬಂದೆ. ಹೆತ್ತವಳು ಆಣೆ ಮಾಡದೆ ಬಿಡುತ್ತಾಳೆಯೇ?

ಅಬು, ೨೪

ನಾಲ್ಕು ದಿನ ಒಂದಕ್ಷರ ಬರೆದಿಲ್ಲ. ದಮ್ಮಿಯ ತಲೆಗೆ ಎಳ್ಳೆಣ್ಣೆ ಹಚ್ಚಿ ಹೇನು ತೆಗೆದೆ. ಎರಡು ಅಂಗಿ ಹೊಲಿದೆ, ದೊಡ್ಡ ಅಳತೆಯವು. ಬೆಳೆಯುವ ಮೈ. ಅವಳಿಗೆ ಯಾಕೆ ಎರಡು ಅನ್ನುವುದೇ ಆಶ್ಚರ್ಯ.

"ಒಂದು ನಿಂಗಾ?" ಅಂದಳು.

ಅಬು, ೨೫

ಗೆದ್ದೆ.

ಗರಗಸವನ್ನು ಕೆಂಪು ಬಟ್ಟೆಯ ಮೇಲೆ ಇಟ್ಟಿದ್ದರು. ಹಗಲಿನಲ್ಲೂ ಕಣ್ಣು ಕುಕ್ಕುವ ಹೊಳಪು. ಸುಳ್ಳು ಹೇಳಿದವರ ವಂಶವನ್ನು ಸೂರ್ಯದೇವರು ಅದರಲ್ಲೇ ಕೊಯ್ಯುತ್ತಾನೆ ಅಂತ ಈ ಸಿಪ್ಪರ್ ಊರಿನಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ತಾರಿಬತುಂ ಮುಂದೆ ಬಂದಳು. ಕೈ ಎತ್ತಿದಳು. ನಿಂತಳು.

"ಹೇಳಮ್ಮ. ಮಗು ಅತ್ತಿತ್ತು ಅನ್ನು."

"ಅತ್ತಿರ್ಬೇಕು ಸ್ವಾಮಿ."

"ಇರ್ಬೇಕು ಅಂದ್ರೆ ಆಗಲ್ಲ. ಕೇಳಿಸ್ಕೊಂಡ್ಯಾ?"

"ಹೇಳೇ," ಅಂದ ಗಂಡ. "ಒಂದೇ ಮಾತು ಕಣೇ."

ಅವಳು ಗರಗಸ ನೋಡಿದಳು. "ನಾನು ಕೇಳ್ಲಿಲ್ಲ. ಕೇಳಿದ್ರೆ ಬಿಟ್ಹೋಗಕ್ಕಾಗಲ್ಲ ಅಂತ ಎರಡೂ ಕಿವಿ ಮುಚ್ಕೊಂಡು ಕಾಲುವೆವರೆಗೂ ಓಡ್ದೆ. ಕೇಳಿದೆ ಅಂತ ದೇವ್ರ ಮುಂದೆ ಹೆಂಗ್ ಹೇಳ್ಲಿ?"

ಜನ ಗುಸುಗುಸು ಅಂದರು. ಹೆತ್ತವಳಂತೆ, ಒಂದು ಮಾತಿಗೆ ಹೆದರಿದಳು ಅಂದಿತು ಒಂದು ದನಿ. ಸಿನ್-ರೇಮೆನಿ ಹೆಂಡತಿಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಗೋಡೆ ಕಡೆ ತಿರುಗಿ ನಿಂತ.

ನಾನು ಮೂರು ಮೊಳ ದೂರದಲ್ಲಿದ್ದೆ. ನನಗೆ ಕೇಳಿಸಿತ್ತು. ಒಂಬತ್ತು ದಿನ ಕೇಳಿಸಿತ್ತು. ಸುಮ್ಮನೆ ನಿಂತೆ.

ಅಬು, ೨೫, ಸಂಜೆ

ಇನ್ನೊಂದಿದೆ. ಬರೆಯದಿದ್ದರೆ ನಿದ್ದೆ ಇಲ್ಲ.

ತೀರ್ಪಿನ ಹಲಗೆ ಬರೆಯಬೇಕಿತ್ತು. ಗುಡಿಯ ಬರಹಗಾರನಿಗೆ ಜ್ವರ. ಹಿರಿಯ ನ್ಯಾಯಾಧೀಶ ನನ್ನ ಕಡೆ ತಿರುಗಿ, "ನಿನ್ನ ಕೈ ಚೆನ್ನಾಗಿದೆಯಲ್ಲ, ನೀನೇ ಬರಿ," ಅಂದ. ಅವನು ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ. 'ತಂದುಕೊಂಡ ದಿನ ಮಗುವು ತಂದೆತಾಯಿಯರನ್ನು ಹುಡುಕಿ ಅಳಲಿಲ್ಲ. ಮುಂದೆಂದೂ ತಾರಿಬತುಂ ತಕರಾರು ಮಾಡಳು.' ಒಂದು ಗೆರೆಯೂ ಸೊಟ್ಟಾಗಲಿಲ್ಲ. ಮೂವತ್ತು ವರ್ಷದ ಅಭ್ಯಾಸ.

ಅವಳಿಗೆ ಮುದ್ರೆ ಎಲ್ಲಿಂದ ಬರಬೇಕು? ಅದರ ಬದಲು ಉಟ್ಟ ಬಟ್ಟೆಯ ಅಂಚು ಒತ್ತು ಅಂದರು. ಮುಂದೆ ಬಂದು ಬಗ್ಗಿದಳು. ಅಂಚೆಲ್ಲ ಹರಿದು ದಾರ ನೇತಾಡುತ್ತಿತ್ತು. ಊರಿಗೆಲ್ಲ ನೇಯುವವಳು. ಒತ್ತುವಾಗ ನನ್ನ ಮುಖ ನೋಡಿ ಮೆಲ್ಲಗೆ, "ಅತ್ಲಾ ತಾಯಿ?" ಅಂದಳು. ಜಗಳಕ್ಕಲ್ಲ. ಸುಮ್ಮನೆ ತಿಳಿದುಕೊಳ್ಳಲಿಕ್ಕೆ.

ಬಗ್ಗಿ ಕೊನೆಯ ಸಾಲಿನಲ್ಲಿ ತಿಂಗಳು, ದಿನ ಒತ್ತಿದೆ. ಹಲಗೆ ತಂದು ಕಪಾಟಿನಲ್ಲಿಟ್ಟಿದ್ದೇನೆ. ಹಸಿ ಮಣ್ಣಿನಲ್ಲಿ ಅವಳ ದಾರದ ಗುರುತು ಎಳೆ ಎಳೆಯಾಗಿ ಕಾಣುತ್ತದೆ.

ಎಲೂಲು ತಿಂಗಳು, ೩

ಬೇಲೆಸ್ಸುನುಗೆ ಹೇಳಿದೆ. ಎಲ್ಲ.

ಖರ್ಜೂರದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಬಾಯಲ್ಲಿ ಹೇಳ್ಲಿಲ್ವಲ್ಲ ನೀನು. ಕೈಗೆ ಆಣೆ ಇಲ್ಲ."

"ನನ್ ಕೈ ಬಿಟ್ರೆ ನಂಗೇನಿದೆ ಅಕ್ಕ?"

"ಮಗು ಇದೆಯಲ್ಲೇ, ಪೆದ್ದಿ. ಈಗ ನಿನ್ನೇ ಅಮ್ಮ ಅಂತಿದೆ. ಕೊಟ್ರೆ ಈಗ ಅಳಲ್ವಾ ಅದು? ಆ ಅಳು ಲೆಕ್ಕಕ್ಕಿಲ್ವಾ?"

ನಾನೂ ಅದನ್ನೇ ನೂರು ಸಲ ಹೇಳಿಕೊಂಡೆ. ಅವಳು ಹೇಳಿದ್ದು ನಿಜ. ಆದರೆ ಬಡಪಾಯಿ ಹೆಂಗಸೊಬ್ಬಳು ನಿಜ ಹೇಳಿ ಸೋತಳು. ಅವಳ ನಿಜದ ಮೇಲೆ ನಾನು ಹಾಸಿಗೆ ಹಾಸಿ ಮಲಗಿದ್ದೇನೆ.

ಎಲೂಲು, ೬

ಕೊಟ್ಟೆ.

ಹೆಬ್ಬಾಗಿಲು ದಾಟಿ ನೇಯ್ಗೆಯವರ ಬೀದಿಗೆ ದಮ್ಮಿಯ ಕೈ ಹಿಡಿದು ನಡೆದೆ. ಹೊಸ ಅಂಗಿ ಹಾಕಿದ್ದೆ. ಬೀದಿಯುದ್ದಕ್ಕೂ ಕುಣಿದುಕೊಂಡು ಬಂದಳು, ಕತ್ತೆಗಳನ್ನು ಎಣಿಸಿದಳು. ತಾರಿಬತುಂ ಮಗ್ಗದ ಮುಂದೆ ಇದ್ದಳು. ಎರಡೂ ಹಲಗೆ, ಹಳೆಯದು ಹೊಸದು, ಅವಳ ಹೊಸಿಲ ಮೇಲೆ ಇಟ್ಟು ಕಲ್ಲಿನಿಂದ ಒಡೆದೆ.

"ಯಾಕ್ ತಾಯಿ? ನೀವು ಗೆದ್ದಿದ್ರಲ್ಲ?"

"ಅತ್ತಿದ್ಲು ಕಣಮ್ಮ. ಒಂಬತ್ತು ದಿನ."

ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಹಾಕಬೇಕಿತ್ತು. ಅವಳು ಮಗ್ಗದ ಕಂಬ ಹಿಡಿದುಕೊಂಡಳು.

"ಏನಂತ ಕರೀತಿದ್ಲು?"

"ಅವ್ವಾ ಅಂತ."

"ಒಂಬತ್ತು ದಿನಾನೂ?"

"ಒಂಬತ್ತು ದಿನಾನೂ."

ಆಗ ಅತ್ತಳು. ಸಿನ್-ರೇಮೆನಿ ಒಡೆದ ಚೂರುಗಳನ್ನು ಹೊಸಿಲಿಂದ ಒಂದೊಂದಾಗಿ ಹೆಕ್ಕಿದ. ನನ್ನ ಮುಖ ನೋಡಲಿಲ್ಲ.

ದಮ್ಮಿಗೆ ಹೇಳಿದೆ, ಇದು ನಿನ್ನ ಅವ್ವನ ಮನೆ ಅಂತ. "ಸಂಜೆ ಬರ್ತೀಯಾ?" ಅಂದಳು. ಇಲ್ಲ ಅಂದೆ. ಇದೊಂದಾದರೂ ನಿಜ ಹೇಳಬೇಕಿತ್ತು. ತಿರುಗಿ ನಡೆಯುವಾಗ ಶುರುವಾಯಿತು. ಬೀದಿ ಮುಗಿಯುವವರೆಗೂ ಕೇಳಿಸಿತು.

ಎಲೂಲು, ೯

ತಾರಿಬತುಂ ಬಾಗಿಲಿಗೆ ಬಂದಿದ್ದಾಳೆ. ಊಟ ಮುಟ್ಟುತ್ತಿಲ್ಲವಂತೆ. ನೀರು ಮಾತ್ರ. ಒಮ್ಮೆ ಬಂದು ಪಕ್ಕದಲ್ಲಿ ಕೂತು ಉಣಿಸಿ ಹೋಗಿ ಅಂದಳು.

ಕಾಲು ಆಗಲೇ ಹೊಸಿಲ ಹೊರಗಿತ್ತು. ಎಳೆದುಕೊಂಡೆ.

"ಹತ್ತನೇ ದಿನ ತಿಂತಾಳೆ. ನಂಗೆ ಗೊತ್ತು. ನಾನ್ ಬಂದ್ರೆ ಮತ್ತೆ ಒಂದರಿಂದ ಶುರು."

"ಅಷ್ಟು ದಿನ ತಡೀತಾಳಾ ತಾಯಿ?"

"ಆಗ ಎರಡು ವರ್ಷದ ಕೂಸು. ಆಗ್ಲೇ ತಡ್ಕೊಂಡ್ಲು. ಖರ್ಜೂರ ಚೀಪೋಕೆ ಕೊಡು. ಎತ್ಕೋಬೇಡ, ಕಚ್ತಾಳೆ. ಹತ್ರ ಮಲ್ಕೊ, ಸಾಕು."

ಎಲ್ಲ ಕೇಳಿಸಿಕೊಂಡಳು. ಮಣಿಕಟ್ಟಿನಲ್ಲಿ ಆಗಲೇ ಹಲ್ಲಿನ ಗುರುತು ಇತ್ತು.

ಎಲೂಲು, ೧೧

ಬಂದಳು. ಮಗು ಇನ್ನೂ ಏನೂ ತಿಂದಿಲ್ಲ. 'ಅಮ್ಮಾ ಅಂತಾಳೆ' ಅಂತ ಬಾಗಿಲವನ ಹತ್ತಿರ ಹೇಳಿ ಹೋದಳಂತೆ. ನಾನು ಒಳಗಿಲ್ಲ ಅಂತ ಅವನ ಬಾಯಲ್ಲಿ ಹೇಳಿಸಿದ್ದೆ.

ಎಲೂಲು, ೧೩

ಬಂದಳು. ಎರಡು ಸಲ. ಬೇಲೆಸ್ಸುನು ಮಾಳಿಗೆಯಿಂದ ಇಳಿದು ಬಂದು ನನ್ನ ಪಕ್ಕ ಕೂತಳು. ಒಂದೂ ಚೇಷ್ಟೆ ಇಲ್ಲ. ಇವತ್ತು ಒಂದೂ ಹಲಗೆ ಬರೆದಿಲ್ಲ. ಒಂದೇ ಭಯ — ನನ್ನ ಎಣಿಕೆ ತಪ್ಪಿದ್ದರೆ?

ಎಲೂಲು, ೧೪

ಬೆಳಿಗ್ಗೆ ಬಂದಳು. ಒಂಬತ್ತನೇ ದಿನ. ಅಳು ನಿಂತಿದೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ ಅಂದಳಂತೆ. ನನ್ನ ಹತ್ತಿರವೂ ಒಂಬತ್ತಕ್ಕೆ ಹಾಗೇ ಇದ್ದಳು. ಹಾಗೇ ಇದ್ದಳೇ? ಹೌದು.

ಎಲೂಲು, ೧೫

ಬೆಳಿಗ್ಗೆಯಿಂದ ಯಾರೂ ಬಂದಿಲ್ಲ. ಮಧ್ಯಾಹ್ನ ಬಾಗಿಲವನನ್ನು ಮೂರು ಸಲ ಕೇಳಿದೆ. ಯಾರೂ ಇಲ್ಲ ತಾಯಿ ಅಂದ. ಬಿಸಿಲು ಇಳಿಯುತ್ತಿದೆ.

ಕೆಟ್ಟದ್ದಾಗಿದ್ದರೆ ಇಷ್ಟು ಹೊತ್ತಿಗೆ ಸುದ್ದಿ ಬರುತ್ತಿತ್ತು. ತಾರಿಬತುಂ ಓಡಿ ಬರುತ್ತಿದ್ದಳು. ಬಂದಿಲ್ಲ, ಅಂದರೆ ತಿಂದಿದ್ದಾಳೆ. ತಾನಾಗಿ ಎದ್ದು ಬಂದು ಬಟ್ಟಲ ಮುಂದೆ ಕೂತಿರಬೇಕು. ಪೂರ್ತಿ ತಿಂದಿರಬೇಕು. ಅದೇ ಆಗಬೇಕಿತ್ತು, ಅದನ್ನೇ ಹತ್ತು ದಿನದಿಂದ ಬೇಡಿಕೊಂಡೆ.

ತಿಂದಿದ್ದಾಳೆ ಅಂದರೆ, ಅವತ್ತು ಅವ್ವನ ಹೆಸರು ಬಿಟ್ಟ ಹಾಗೆ ಇವತ್ತು ಅಮ್ಮನ —