ಏಳು ಹೊಲಿಗೆ

ಹಳಿಯಾಳ
೧೨ ನವೆಂಬರ್ ೧೯೬೪

ಮಗಳೇ ನೀಲಾ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಮೂರರಲ್ಲೂ ಒಂದು ಮಾತು ಬಿಟ್ಟಿದ್ದೆ. ಈ ಸಲವೂ ಬಿಡುವವಳಿದ್ದೆ. ತಡವಾಯಿತೆಂದು ಸಿಟ್ಟಾಗಬೇಡ. ಹುಬ್ಬಳ್ಳಿಯಲ್ಲಿ ಚಳಿ ಹೇಗಿದೆ? ಹಾಸ್ಟೆಲಿನ ಊಟ ಈಗಲಾದರೂ ಸೇರುತ್ತಿದೆಯೇ?

ಹೋದ ವಾರ ನಿನ್ನ ಮೆಡಿಕಲ್ ಕಾಲೇಜಿನ ಸಹಪಾಠಿ ಮುಕ್ತಾರ, ದಾಂಡೇಲಿಯ ತನ್ನ ಮನೆಗೆ ಹೋಗುವ ದಾರಿಯಲ್ಲಿ ಇಲ್ಲಿಗೆ ಬಂದಿದ್ದ. ನಿನ್ನ ಅಪ್ಪನ ಸ್ಟೆತಸ್ಕೋಪನ್ನು ಮೇಜಿನ ಮೇಲಿಟ್ಟ.

"ಕೆಟ್ಟೈತೇನಪಾ?" ಎಂದೆ.

"ಇಲ್ರೀ ಅವ್ವಾರ. ಅಪ್ಪಾರದು ಇನ್ನ ಕಿವಿಗೆ ಹಚ್ಚಿಕೊಳ್ಳಾಕ ಆಗೂದಿಲ್ಲ ಅಂತ ನೀಲಾ ಹೇಳ್ಯಾಳ್ರಿ."

ಚಹಾ ಮುಟ್ಟಲಿಲ್ಲ ಅವನು. ನೀವು ಐದು ಮಂದಿ ರಜೆಯಲ್ಲಿ ಸಿದ್ದಿಗಳ ಕೇರಿಗಳಿಗೆ ತಿರುಗಿ ಬರೆದ ವರದಿಯನ್ನು ಓದಿ ಹೇಳಿದ. ದವಾಖಾನೆಗಳಲ್ಲಿ ಅವರನ್ನು ಎಲ್ಲರಿಗಿಂತ ಕೊನೆಗೆ ನೋಡುವುದು, ಮೈ ಮುಟ್ಟದೆ ಔಷಧ ಬರೆಯುವುದು, ನೋವು ತಿಳಿಯದಂತೆ ಮಾಡುವ ಸೂಜಿ ಕೊಡದೆ ಗಾಯ ಹೊಲಿಯುವುದು.

"ಒಬ್ಬ ಕಂಪೌಂಡರ, ಈ ಕರೇ ಮಂದಿಗೆ ಗೋಣಿಚೀಲ ಹೊಲಿಯೂ ದಬ್ಬಣ ಸಾಕು ಅಂತ ನಕ್ಕನ್ರಿ," ಎಂದ. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಕೊನೆಯ ಹೇಳಿಕೆ ತೇರಗಾಂವದಾಚೆಯ ಸಿದ್ದಿ ಹೆಂಗಸು ಅಮೀನಾಬಿಯದು. ಎಂಟು ವರ್ಷದ ಅವಳ ಮಗಳು ರಹೀಮುನ್ನಿಸಾಳ ಮೊಣಕಾಲು ಬಿದಿರಿಗೆ ಹರಿದಿತ್ತು. ನಮ್ಮ ದವಾಖಾನೆಯಲ್ಲೇ ಏಳು ಹೊಲಿಗೆ ಹಾಕಿದ್ದು, ಆ ಸೂಜಿಯಿಲ್ಲದೆ. ಮರುವರ್ಷ ಜ್ವರ ಬಂದಾಗ "ಡಾಕ್ಟರ ಕಡೆ ಒಯ್ಯಬ್ಯಾಡ" ಎಂದು ಮಗು ಮನೆಯ ಕಂಬ ತಬ್ಬಿ ಹಿಡಿಯಿತಂತೆ. ಒಯ್ಯಲಿಲ್ಲ. ನಾಲ್ಕನೆಯ ದಿನ ಹೋಗಿಬಿಟ್ಟಿತು.

"ಖರೇನ್ರಿ ಇದು? ಖರೇ ಇದ್ರ ನಿಮ್ಮ ಸಹಿ ಬೇಕಂತ್ರಿ. ಸಿದ್ದಿ ಮಂದಿ ಮಾತು ದೊಡ್ಡ ಡಾಕ್ಟರಗೋಳು ಎಲ್ಲಿ ನಂಬ್ತಾರ್ರಿ?" ಎಂದ ಮುಕ್ತಾರ.

ಖರೆ, ನೀಲಾ. ಆ ಹೇಳಿಕೆಗೆ ಸಹಿ ಮಾಡಿ ಇದರೊಡನೆ ಇಟ್ಟಿದ್ದೇನೆ. ತೀರಿಕೊಂಡ ನಿನ್ನ ಅಪ್ಪ ಈಗ ಏನೂ ಹೇಳಲಾರರು. ಅದು ನನಗೆ ಎಷ್ಟು ಅನುಕೂಲವಾಗಿತ್ತು ಎಂದು ಈಚೆಗೆ ಯೋಚಿಸುತ್ತಿದ್ದೇನೆ. ನೀವು ಹಿಡಿದ ಕೆಲಸ ಬಿಡಬೇಡಿ. ನಿನ್ನ ಕೈ ಯಾರಿಗೂ ಹೆದರಿಕೆ ಹುಟ್ಟಿಸದಿರಲಿ.

ನಿನ್ನ
ಅವ್ವ

ತಾ.ಕ.: ಬಿಟ್ಟ ಮಾತು ಇದು. ಅಂದು ನಿನ್ನ ಅಪ್ಪ ಆ ಸೂಜಿಗೆ ಔಷಧ ಎಳೆದುಕೊಳ್ಳುತ್ತಿದ್ದರು. ಶೀಶೆಯಲ್ಲಿ ಸ್ವಲ್ಪವೇ ಉಳಿದಿತ್ತು. ಮಗುವಿನ ಕಾಲು ಹಿಡಿದಿದ್ದ ನಾನು, ಅಮೀನಾಬಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ, "ಇವರಿಗೆ ಅಷ್ಟು ನೋವಾಗುವುದಿಲ್ಲ, ಉಳಿಸಿ" ಎಂದೆ. ಅವರು ನನ್ನ ಮುಖ ನೋಡಿ ಸೂಜಿ ಕೆಳಗಿಟ್ಟರು. ಇಟ್ಟದ್ದು ಅವರ ತಪ್ಪು, ಹೇಳಿದ್ದು ನನ್ನದು. ಮಗು ಅಳಲಿಲ್ಲ. "ನೋಡಿದಿರಾ?" ಎಂದೆ. ಆದರೆ ಆ ಕಾಲು ನನ್ನ ಕೈಯೊಳಗೆ ಏಳು ಸಲ ನಡುಗಿತ್ತು. ನನಗೆ ಗೊತ್ತಿತ್ತು.

ಸಹಿಯ ಮೇಲೆ ಇದನ್ನೂ ಬರೆದಿದ್ದೇನೆ. ರವಿವಾರ ತೇರಗಾಂವದ ಕಡೆ ಹೋಗಿ ಮೊದಲು ಅಮೀನಾಬಿಗೆ ಹೇಳುತ್ತೇನೆ, ಆಕೆಗೆ ತಿಳಿಯುವ ಮಾತಿನಲ್ಲಿ. ಈ ಪತ್ರವನ್ನು ಅಂಚೆಗೆ ಹಾಕುವುದು ಮರುದಿನ, ಸೋಮವಾರ, ನವೆಂಬರ್ ಹದಿನಾರಕ್ಕೆ.