ಕೂಸಿನ ಕೌದಿ

ಸೇಡಂ
ತಾ. ೯-೧೨-೧೯೫೩, ಬುಧವಾರ

ಚಿರಂಜೀವಿ ಶಿವಕಾಂತಾಳಿಗೆ ನಿನ್ನ ಅತ್ತೆ ಭಾಗಮ್ಮ ಮಾಡುವ ಆಶೀರ್ವಾದ.

ಮೊದಲೆಲ್ಲ ನಿನಗೆ ಚಿ. ಸೌ. ಎಂದು ಬರೆಯುತ್ತಿದ್ದೆ. ಈ ಸಲ ಚಿ. ಬರೆದ ಮೇಲೆ ಮುಂದಕ್ಕೆ ಕೈ ಏಳಲಿಲ್ಲ. ಇನ್ನು ಎಂಟು ದಿನಕ್ಕೆ ನೀನು ಮತ್ತೆ ಸೌಭಾಗ್ಯವತಿ ಆಗುವವಳು, ಆಗ ಬರೆಯುತ್ತೇನೆ. ನಿನ್ನ ಕೆಮ್ಮು ಹೋಯಿತೇ? ಚಳಿಯಲ್ಲಿ ನಸುಕಿಗೆ ಎದ್ದು ತಣ್ಣೀರಲ್ಲಿ ಕೈ ಹಾಕಬೇಡ ಎಂದರೆ ನೀನು ಕೇಳುವವಳಲ್ಲ. ಕೂಸಿನ ಕಿವಿ ಸೋರುವುದು ನಿಂತಿತೇ? ನಿಮ್ಮ ಅವ್ವನ ಮೊಣಕಾಲು ಹೇಗಿದೆ? ಇಲ್ಲಿ ನಾನೂ ನಿಮ್ಮ ಮಾವನವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆದರೆ ಸುಳ್ಳಾದೀತು, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ.

ಚಿಂಚೋಳಿಯಿಂದ ನಿಮ್ಮ ಅಪ್ಪ ಬರೆದ ಕಾಗದ ಹೋದ ವಾರ ಮುಟ್ಟಿತು. ನಿಮ್ಮ ಮಾವನವರು ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರು, ಉರ್ದು ಕಾಗದ ನೀರು ಕುಡಿದಂತೆ ಓದುತ್ತಾರೆ. ಕನ್ನಡದ್ದು ಬಂದರೆ ಮಾತ್ರ ಚಾಳೀಸು ಸಿಗಲೊಲ್ಲದು ಎನ್ನುತ್ತಾರೆ. ಮಠದಲ್ಲಿ ಮರಳಿನ ಮೇಲೆ ನಾಲ್ಕು ಅಕ್ಷರ ತಿದ್ದಿದ ನಾನೇ ಓದಿ ಹೇಳಿದೆ. ಕಾಳಗಿ ಊರಿನವರೊಂದಿಗೆ ನಿನ್ನ ಉಡಿಕೆ ಗೊತ್ತಾಗಿದೆ, ಬರುವ ವಾರದ ಗುರುವಾರ ಅವರು ಬಂದು ಸೀರೆ ಉಡಿಸಿ ಕರೆದುಕೊಂಡು ಹೋಗುತ್ತಾರೆ, ಕೂಸು ನಿಮ್ಮ ಮನೆತನದ್ದು, ಅದಕ್ಕೂ ಮೊದಲು ಬಂದು ಒಯ್ಯಿರಿ ಎಂದು ಬರೆದಿದ್ದಾರೆ. ಗಂಡ ಹೋದವಳಿಗೆ ಉಡಿಕೆಯ ಮದುವೆ ನಮ್ಮಲ್ಲಿ ಹೊಸದಲ್ಲ, ಕೂಸು ಅಪ್ಪನ ಮನೆಗೆ ಉಳಿಯುವುದೂ ಹೊಸದಲ್ಲ. ನಿನ್ನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ ತಂಗಿ. ಇಪ್ಪತ್ತೆರಡರ ಹೆಣ್ಣು ಗೋಡೆ ನೋಡುತ್ತ ಕೂತರೆ ಸತ್ತ ನನ್ನ ಮಗ ಎದ್ದು ಬರುವುದಿಲ್ಲ. ನಿಮ್ಮ ಮಾವನವರು ಕೇಳಿ, "ಆಕಿ ಬಾಳೇ ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಶರಣನ ಕೂಸು ಮಂದಿ ಮನ್ಯಾಗ ಯಾಕ ಬೆಳೀಬೇಕು? ಸೋಮವಾರ ನಾನೇ ಹೋಗಿ ತರ್ತೀನಿ" ಎಂದರು. ಆವತ್ತೇ ಬಡಿಗೇರನನ್ನು ಕರೆಸಿ ಕೂಸು ಮಲಗುವ ಹೊರಸಿಗೆ ಹೊಸ ಕಾಲು ಹಾಕಿಸಿದರು.

ನಾನು ಕೌದಿಗೆ ಕೂತೆ. ಗುರುಲಿಂಗಮ್ಮ ಹುಟ್ಟಿದಾಗ ಒಂದು ಹೊಲಿದಿದ್ದೆನಲ್ಲ, ಅದರಲ್ಲಿ ಈಗ ಅವಳ ಕಾಲು ಹೊರಗೆ ಬಂದಾವು. ಮೂರೂವರೆ ವರ್ಷದ ಕೂಸಿಗೆ ಇಂತಿಷ್ಟು ಉದ್ದ ಬೇಕೆಂದು ಪಕ್ಕದ ಮನೆಯ ಮೊಮ್ಮಗಳನ್ನು ಮಲಗಿಸಿ ಅಳತೆ ಹಿಡಿದೆ. ಕೂಸಿನ ಕೌದಿಗೆ ಹೊಸ ಬಟ್ಟೆ ಹಾಕಬಾರದು, ಹಿರಿಯರು ಉಟ್ಟು ಹಳತಾದ ಬಟ್ಟೆಯೇ ಆಗಬೇಕು ಎಂದು ನಮ್ಮ ಆಯಿ, ನನ್ನ ಅಪ್ಪನ ಅವ್ವ, ಹೇಳುತ್ತಿದ್ದಳು. ಹೊಸದು ಮೈಗೆ ಚುಚ್ಚುತ್ತದೆ, ಹಳೆಯದಕ್ಕೆ ಮನುಷ್ಯರ ರೂಢಿ ಇರುತ್ತದೆ. ಕೆಳಗೆ ನನ್ನ ಇಳಕಲ್ ಸೀರೆ, ಮೇಲೆ ನನ್ನ ಹಸಿರು ಸೀರೆ, ನಡುವಿನ ಎರಡು ಪದರಕ್ಕೆ ಶರಣಬಸಪ್ಪನ ಧೋತರ, ಅಂಗಿ, ಅವನ ರೈಲಿನ ನೀಲಿ ಕೋಟು. ಅಂಗಳದಲ್ಲಿ ಹಾಸಿ, ಗಾಳಿಗೆ ಏಳದಂತೆ ನಾಲ್ಕು ಮೂಲೆಗೆ ಶಹಾಬಾದಿನ ಕಲ್ಲಿಟ್ಟು, ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಒಳಗೆ ಬಂದೆ. ಕೋಟಿನ ಬಟ್ಟೆ ದಪ್ಪ, ಸೂಜಿ ಎರಡು ಸಲ ಮುರಿಯಿತು. ಬದುಕಿದ್ದಾಗಲೂ ಅವನು ಹೀಗೇ, ಒಂದು ಮಾತಿಗೂ ಬಗ್ಗಿದವನಲ್ಲ. ವಾಡಿಯ ರೈಲಿನ ಕೆಲಸ ಬಿಟ್ಟು ಊರಿಗೆ ಬಾ ಎಂದು ಎಷ್ಟು ಹೇಳಿದ್ದೆ.

ಇದರಲ್ಲಿ ಒಂದು ತಪ್ಪು ಮಾಡಿದೆ, ನಿನ್ನ ಮುಂದಲ್ಲದೆ ಯಾರ ಮುಂದೆ ಹೇಳಲಿ. ಜ್ವರದಲ್ಲಿ ಹೋದವರ ಬಟ್ಟೆಯನ್ನು ಕೊಳೆ ತೆಗೆಯುವ ಸವಳು ಮಣ್ಣು ಹಾಕಿ ಕುದಿಸದೆ ಕೌದಿಗೆ ಸೇರಿಸಬಾರದು, ಅದರಲ್ಲೂ ಕೂಸಿನದಕ್ಕೆ. ಹಂಡೆಗೆ ನೀರಿಟ್ಟು ಟ್ರಂಕಿನಲ್ಲಿದ್ದ ಅಷ್ಟನ್ನೂ ಅದ್ದಿಬಿಟ್ಟೆ. ಎರಡು ವರ್ಷದಿಂದ ಆ ಟ್ರಂಕನ್ನು ಆಗಾಗ ತೆಗೆದು ಅಂಗಿಯ ಕೊರಳಪಟ್ಟಿ ಮೂಸುತ್ತಿದ್ದೆ. ಅವನ ತಲೆಯೆಣ್ಣೆಯ ವಾಸನೆ, ಅಪ್ಪನಿಗೆ ಕದ್ದು ಸೇದುತ್ತಿದ್ದ ಬೀಡಿಯ ವಾಸನೆ. (ಬೀಡಿಯ ಮಾತನ್ನು ನಿಮ್ಮ ಮಾವನವರಿಗೆ ಓದಿ ಹೇಳುವಾಗ ಹಾರಿಸುತ್ತೇನೆ.) ಒಣಗಿದ ಮೇಲೆ ಮೂಗಿಗೆ ಹಿಡಿದರೆ ಬರೀ ಸವಳು. ಒಂದೇ ಒಂದು ಅಂಗಿ ಬೇರೆ ಇಟ್ಟುಕೊಳ್ಳಬಾರದಿತ್ತೇ? ಇಷ್ಟು ವಯಸ್ಸಾಗಿ ಆ ಬುದ್ಧಿ ಬರಲಿಲ್ಲವಲ್ಲ! ಒಲೆಯ ಮುಂದೆ ಕೂತು ಅತ್ತೆ. ನಿಮ್ಮ ಮಾವನವರು ನನ್ನ ಕೈ ಸುಟ್ಟಿತೆಂದು ತಿಳಿದು ತುಪ್ಪ ಹಿಡಿದು ಓಡಿ ಬಂದರು. ನಾನೂ ಕೈ ಚಾಚಿದೆ, ಹಚ್ಚಿದರು.

ನಮ್ಮ ಓಣಿಯ ಕಮರುನ್ನೀಸಾ ಈಗ ಕಣ್ಣು ಮಂಜೆಂದು ಹೊಲಿಯುವುದಿಲ್ಲ, ಆದರೆ ಕೊಕ್ಕೆಸೂಜಿ ಮಾತ್ರ ಕೈ ಬಿಟ್ಟಿಲ್ಲ. ಕಣ್ಣು ಮುಚ್ಚಿಕೊಂಡೇ ದಾರದ ಜಾಳಿಗೆ ಹೆಣೆಯುತ್ತಾಳೆ. ಕೌದಿ ನೋಡಿ, "ಅಯ್ಯ ಭಾಗವ್ವ, ಅಂಚು ಬೋಳು ಕಾಣ್ತದಲ್ಲ, ಕೊಡಿಲ್ಲಿ" ಎಂದು ಒಯ್ದು, ಕೆಂಪು ಉಣ್ಣೆಯಲ್ಲಿ ಸುತ್ತಲೂ ಅಂಚು ಹೆಣೆದು ತಂದಳು. ಉಳಿದ ಉಣ್ಣೆಯಲ್ಲಿ ಕೂಸಿನ ತಲೆಗೆ ಒಂದು ಕುಲಾಯಿಯೂ ಆಯಿತು, ಕಿವಿ ಪೂರ್ತಿ ಮುಚ್ಚುವ ಹಾಗೆ. ಪೊಲೀಸ್ ಆಕ್ಷನ್ನಿನ ವರ್ಷದ ಗಲಭೆಯಲ್ಲಿ ಅವಳ ಮಕ್ಕಳು ನಮ್ಮ ನೆಲದಡಿಯ ಜೋಳದ ಹಗೇವಿನಲ್ಲಿ ಮೂರು ದಿನ ಅಡಗಿ ಕೂತಿದ್ದನ್ನು ಅವಳು ಬಾಯಿಬಿಟ್ಟು ಎಂದೂ ಆಡುವುದಿಲ್ಲ. ಹೆಣೆದು ಕೊಡುತ್ತಾಳೆ, ಅಷ್ಟೆ.

ನಿನ್ನೆ ಕೌದಿ ಮುಗಿಯಿತು. ನಿಮ್ಮ ಮಾವನವರು ಹೊರಸಿನ ಮೇಲೆ ಹಾಸಿಸಿ, ಅಂಗೈಯಿಂದ ಸವರಿ ಸವರಿ ನೋಡಿದರು. ನೀಲಿ ಕೋಟು ಎಲ್ಲಿ ಬಂದಿದೆ ಎಂದು ಕೇಳಿದರು, ತೋರಿಸಿದೆ. ಅಲ್ಲೇ ಕೈಯಿಟ್ಟು ಕೂತರು. ನಾನು ಮೆಲ್ಲಗೆ, "ಕೂಸು ಅವ್ವನ್ನ ಬಿಟ್ಟು ಇರ್ತದೇನ್ರಿ?" ಎಂದೆ. "ನಿಮ್ಮವ್ವ ಉಡಕಿ ಆಗಿ ಹೋದಾಗ ನೀ ಇರಲಿಲ್ಲೇನು? ನಿಮ್ಮ ಆಯಿ ಸಾಕಿದಳು. ಏನು ಕಡಿಮಿ ಆತು ನಿನಗ?" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆಯಿ ನನಗೆ ಅನ್ನಕ್ಕೆ, ಅರಿವೆಗೆ, ಅಕ್ಷರಕ್ಕೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವಳ ಹೆಸರನ್ನೇ ಅಲ್ಲವೇ ನಿನ್ನ ಮಗಳಿಗೆ ಇಟ್ಟದ್ದು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ನಿಮ್ಮ ಮಾವನವರು ಚಿಂಚೋಳಿ ಮುಟ್ಟುತ್ತಾರೆ. ಅವರಿಗೆ ಖಾರ ಕಡಿಮೆ ಹಾಕು, ಹೊಟ್ಟೆ ಸರಿಯಿಲ್ಲ. ನಿಮ್ಮ ಅಪ್ಪನಿಗೂ ಅವ್ವನಿಗೂ ನನ್ನ ಶರಣು ತಿಳಿಸು. ಹೊಸ ಮನೆಯಲ್ಲಿ ನಿನ್ನ ಹೊಟ್ಟೆ ತಣ್ಣಗಿರಲಿ, ಹಣೆಯ ಕುಂಕುಮ ನೂರು ವರ್ಷ ಇರಲಿ. ನೀನು ಈ ಮನೆಯ ಹೊಸ್ತಿಲು ದಾಟಿ ಹೋದರೂ ನನಗೆ ಮಗಳೇ.

ನಿನ್ನ ಅತ್ತೆ,
ಭಾಗಮ್ಮ

ಮೇಲೆ ಬರೆದ ಮೇಲೆ — ಇಲ್ಲಿಯವರೆಗಿನದನ್ನು ನಿಮ್ಮ ಮಾವನವರಿಗೆ ಓದಿ ಹೇಳಿದೆ. "ಛಲೋ ಬರದೀದಿ" ಎಂದು ಹೊಲಕ್ಕೆ ಹೋದರು. ಇನ್ನು ಮುಂದೆ ನಾನು ಬರೆಯುವುದು ಅವರಿಗೆ ಗೊತ್ತಿಲ್ಲ. ಕಮರುನ್ನೀಸಾಳ ಗಂಡ ಮಜೀದಸಾಬರು ಚಿಂಚೋಳಿ ಸಂತೆಗೆ ಗಾಡಿ ಹೂಡಿ ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ನಿನ್ನ ಕೈಗೆ ಮುಟ್ಟಿಸುತ್ತಾರೆ.

ನಿಮ್ಮ ಅಪ್ಪನ ಕಾಗದದ ಬುಡಕ್ಕೆ ನೀನು ಸಣ್ಣ ಅಕ್ಷರದಲ್ಲಿ ಸೇರಿಸಿದ್ದನ್ನು ಓದಿದೆ. "ಅತ್ತೀ, ಕೂಸು ನನ್ನ ಮಗ್ಗಲ ಬಿಟ್ಟು ಮಲಗಂಗಿಲ್ರಿ." ಅದೊಂದನ್ನು ಅವರಿಗೆ ಓದಿ ಹೇಳಲಿಲ್ಲ. ಎಂಟು ದಿನದಿಂದ ಆ ಮಾತು ಹೊಟ್ಟೆಯಲ್ಲಿ ಕೂತಿದೆ. ಕೂಸನ್ನು ಕೊಡಬೇಡ, ಶಿವಕಾಂತಾ. ಕಾಳಗಿಯವರು, ಅವಳು ಕೂಸಿನ ಸಂಗಡವೇ ಬರಲಿ ಎಂದಿದ್ದಾರಂತೆ, ಮಜೀದಸಾಬರು ಸಂತೆಯಲ್ಲಿ ಅವರ ಬಾಯಿಂದಲೇ ಕೇಳಿದ್ದಾರೆ. ಹಾಗಾದರೆ ಅಡ್ಡ ಇರುವವರು ನಾವೇ. ಕೌದಿಯನ್ನೂ ಕುಲಾಯಿಯನ್ನೂ ಈ ಗಾಡಿಯಲ್ಲೇ ಕಳಿಸಿದ್ದೇನೆ. ಮೊದಲ ಗಂಡನ ವಸ್ತು ಹೊಸ ಮನೆಗೆ ಹೋಗಬಾರದು ಎನ್ನುತ್ತಾರೆ, ಆದರೆ ಮೇಲೂ ಕೆಳಗೂ ಇರುವುದು ನನ್ನ ಸೀರೆ. ಒಳಗಿನದನ್ನು ಯಾರು ಬಿಚ್ಚಿ ನೋಡುತ್ತಾರೆ? ಸೋಮವಾರ ಮಾವ ಬಂದರೆ ಕಾಲಿಗೆ ನೀರು ಕೊಡು, ಉಣ್ಣಲು ಬಡಿಸು, ಕೂಸನ್ನು ಅವರ ತೊಡೆಯ ಮೇಲೆ ಕೂಡಿಸು. ಪಾಪ, ಅವರು ಅತ್ತರೂ ಅತ್ತಾರು. ಆದರೆ ಕೊಡಬೇಡ. ಹಿರಿಯರು ಕೂತು ಕೇಳಿದರೆ ಈ ಕಾಗದ ಓದಿಸು: ಶರಣಬಸಪ್ಪನ ಮಗಳು ತನ್ನ ಅವ್ವನ ಸಂಗಡವೇ ಹೋಗಲಿ ಎಂದು ಅವನ ಹೆತ್ತ ತಾಯಿ ಭಾಗಮ್ಮ ತನ್ನ ಕೈಯಾರೆ ಬರೆದಿದ್ದಾಳೆ. ನನ್ನ ಗತಿ ಏನೆಂದು ಯೋಚಿಸಬೇಡ. ನಲವತ್ತು ವರ್ಷ ಅವರ ಸಿಟ್ಟು ಉಂಡಿದ್ದೇನೆ, ಇದನ್ನೂ ಉಣ್ಣುತ್ತೇನೆ.

ಏನು ಕಡಿಮೆಯಾಯಿತು ಎಂದು ಅವರು ಕೇಳಿದ್ದಕ್ಕೆ ಉತ್ತರವನ್ನು ನಿನಗೆ ಹೇಳುತ್ತೇನೆ. ನನ್ನ ಅವ್ವ ಹೋದಾಗ ನನಗೆ ನಾಲ್ಕು ವರ್ಷ. ಮತ್ತೆ ಬಂದದ್ದು ನನ್ನ ಲಗ್ನದ ದಿನ, ಯಾರೂ ಕರೆಯದೆ. ಅರಿಷಿಣ ಹಚ್ಚಿಕೊಂಡು ಕೂತಿದ್ದ ನಾನು ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿ, "ಯಾರ್ರಿ? ಒಳಗ ಬರ್ರಿ, ಕುಂದ್ರಿ" ಎಂದೆ. ಅವಳು ಬರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ತಿರುಗಿ ಹೋದಳು. ಯಾರೆಂದು ಯಾರೋ ಹೇಳುವ ಹೊತ್ತಿಗೆ ಓಣಿ ದಾಟಿದ್ದಳು.

ಗುರುಲಿಂಗಮ್ಮ ನಿನಗೆ ಆ ಮಾತು ಅನ್ನಬಾರದು ತಂಗಿ. ಮುಂದೆ ಎಂದಾದರೂ ನಾನು ಕಾಳಗಿಗೆ ಬಂದು ನಿಮ್ಮ ಬಾಗಿಲಲ್ಲಿ ನಿಂತಾಗ ನನಗೆ ಅಂದರೆ ಅನ್ನಲಿ. ನಾನು ತಿರುಗಿ ಹೋಗುವುದಿಲ್ಲ, ಒಳಗೆ ಬಂದು ಕೂಡುತ್ತೇನೆ.